ಸೊಂಟದ ಮೂಳೆ ಮುರಿದಿದೆ, ಜೊತೆಗೆ ಕೋವಿಡ್: ಆಪರೇಷನ್‌ಗೆ ಕಾಯಬೇಕಾ?

ಪ್ರಶ್ನೆ (ಬದಿಯಡ್ಕ): ಅತ್ತೆಗೆ 78 ವರ್ಷ. ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಮಂಗಳೂರಿನಲ್ಲಿ ಅಡ್ಮಿಟ್ ಮಾಡಿದರೆ ಕೋವಿಡ್ ಪಾಸಿಟಿವ್. ಡಾಕ್ಟರು ನಾಳೆಯೇ ಆಪರೇಷನ್ ಅಂತಾರೆ. ಮನೆಯವರು ಜ್ವರ ಬಿಡಲಿ ಅಂತಾರೆ. ಅನುಭವ ಇದ್ದವರು ಹೇಳಿ.

ಕುಂಬಳೆಯಿಂದ: ನಮ್ಮ ದೊಡ್ಡಮ್ಮನಿಗೂ ಹೀಗೇ ಆಗಿತ್ತು ಅಕ್ಕಾ. ಅಪಾಯವೇ ಇಲ್ಲ ಅಂತ ಹೇಳಲಾರೆ. 2020ರಲ್ಲಿ ಸ್ಕಾಟ್ಲೆಂಡಿನ ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿದಾಗ, ಸೊಂಟ ಮುರಿದು ಕೋವಿಡ್ ಕೂಡ ಇದ್ದವರಲ್ಲಿ ಸುಮಾರು ಮೂರಕ್ಕೆ ಒಬ್ಬರು 30 ದಿನದೊಳಗೆ ತೀರಿಕೊಂಡಿದ್ದರು. ಕೋವಿಡ್ ಇಲ್ಲದವರಲ್ಲಿ ಹನ್ನೆರಡಕ್ಕೆ ಒಬ್ಬರು. ಅದು ಲಸಿಕೆ ಬರುವ ಮೊದಲಿನ ಮಾತು. ಅತ್ತೆಗೆ ಲಸಿಕೆ ಆಗಿದೆ ಅಲ್ವಾ?

ಹಾಗಂತ ಸುಮ್ನೆ ಕಾದರೆ ಅಪಾಯ ಕಡಿಮೆಯಾಗುವುದಿಲ್ಲ. ನೋವಿನಲ್ಲಿ ಅಂಗಾತ ಮಲಗಿದ್ದರೆ ಕಫ ಹೊರಗೆ ಬರುವುದಿಲ್ಲ, ನ್ಯುಮೋನಿಯಾ ಹಿಡಿಯುತ್ತದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಕೋವಿಡ್ ಇದ್ದರೆ ಇನ್ನೂ ಜಾಸ್ತಿ. ಬೆನ್ನಲ್ಲಿ ಹುಣ್ಣು ಬೇರೆ. ದೊಡ್ಡಮ್ಮನಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದರು, ಮರುದಿನವೇ ಎಬ್ಬಿಸಿ ಕೂರಿಸಿದರು. ಉಸಿರೆಳೆದು ಚೆಂಡು ಏಳಿಸುವ ಡಬ್ಬಿ ಉಂಟಲ್ಲ, ಮೂರು ಚೆಂಡಿನದ್ದು, ಅದನ್ನು ಕೊಟ್ಟಿದ್ದರು. ಮೊದಲು ಒಂದೂ ಏಳಲಿಲ್ಲ. "ಇದೆಂಥ ಮಕ್ಕಳಾಟ" ಅಂತ ಬೈದರು. ಆಮೇಲೆ ಎರಡನೇ ಚೆಂಡು ಎದ್ದಾಗ ನಮ್ಮನ್ನೇ ಕರೆದು ತೋರಿಸಿದರು.

ಉಪ್ಪಳದಿಂದ: 'ನಾಳೆಯೇ' ಅನ್ನುವುದು ಎಲ್ಲರಿಗೂ ಆಗುವುದಿಲ್ಲ. ನಮ್ಮ ಮಾವನಿಗೆ ಆಕ್ಸಿಜನ್ 88ಕ್ಕೆ ಇಳಿದಿತ್ತು. ಅರಿವಳಿಕೆ ಡಾಕ್ಟರೇ ತಡೆದು, ಉಸಿರು ಸುಧಾರಿಸಿದ ಮೇಲೆ ಒಳಗೆ ಕರ್ಕೊಂಡು ಹೋದರು. ಹಾಗಾಗಿ ಜ್ವರ ಎಷ್ಟು ಅಂತ ಮಾತ್ರ ಕೇಳಬೇಡಿ. ಆಕ್ಸಿಜನ್ ಎಷ್ಟು, ಎದೆಯ ಎಕ್ಸ್‌ರೇ ಹೇಗಿದೆ ಅಂತ ಕೇಳಿ. ಅತ್ತೆ ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದರೆ ಚೀಟಿ ಸಮೇತ ಈಗಲೇ ತೋರಿಸಿ. ಅದರಿಂದಲೂ ಆಪರೇಷನ್ ತಡವಾಗಬಹುದು.

ಪೆರ್ಲದಿಂದ: ರಾತ್ರಿ ಒಬ್ಬರು ಪಕ್ಕದಲ್ಲೇ ಇರಿ. ನಮ್ಮ ಅಜ್ಜಿ ಆಪರೇಷನ್ ಆದ ರಾತ್ರಿ "ದನ ಬಿಚ್ಚಿಕೊಂಡಿದೆ" ಅಂತ ಮಂಚ ಇಳಿಯಲು ಹೊರಟಿದ್ದರು. ಮರುಳು ಅಂತ ಹೆದರಬೇಡಿ. ಸೋಂಕು, ನೋವು, ಹೊಸ ಜಾಗ ಎಲ್ಲ ಸೇರಿದರೆ ವಯಸ್ಸಾದವರಿಗೆ ಹಾಗಾಗುತ್ತದೆ. ನರ್ಸ್‌ಗೆ ಹೇಳಿ, ಕನ್ನಡಕ ಹಾಕಿಕೊಡಿ, ಮಾತಾಡಿಸುತ್ತಾ ಇರಿ. ನೋಡಲು ಬರುವ ನೆಂಟರನ್ನು ಮಾತ್ರ ಕೆಳಗಿನಿಂದಲೇ ವಾಪಸ್ ಕಳಿಸಿ. ಬೇಜಾರು ಮಾಡ್ಕೊಂಡರೆ ಮಾಡ್ಕೊಳ್ಳಲಿ.

ಪ್ರಶ್ನೆ ಕೇಳಿದವರು: ಆಕ್ಸಿಜನ್ 95 ಇದೆಯಂತೆ, ಲಸಿಕೆ ಎರಡೂ ಆಗಿದೆ. ಮಾತ್ರೆ ಚೀಟಿ ಮನೆಯಲ್ಲೇ ಉಳಿದಿತ್ತು, ಭಾವ ಫೋಟೋ ತೆಗೆದು ಕಳಿಸಿದ್ದಾರೆ. ಡಾಕ್ಟರಿಗೆ ತೋರಿಸಿ ಸಹಿ ಹಾಕುತ್ತೇವೆ.