ಹೊಸ ಲ್ಯಾಪ್‌ಟಾಪಿಗೆ ಡೆಬಿಯನ್ ಹಾಕುವಾಗ ಡಿಸ್ಕೇ ಕಾಣುವುದಿಲ್ಲ, ಎಂತ ಮಾಡುವುದು?

ಅಚ್ಚುಮೊಳೆ, ಉಡುಪಿ

ಕುಂಜಿಬೆಟ್ಟಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾಗದ, ನೇಮದ ಆಮಂತ್ರಣ, ಯಕ್ಷಗಾನದ ಕರಪತ್ರ, ಇದೇ ಕೆಲಸ. ಹಳೆಯ ಕಂಪ್ಯೂಟರಿನ ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ಅಪ್‌ಡೇಟ್ ನಿಂತಾಗ ಅಕ್ಕನ ಮಗ ಅದಕ್ಕೆ ಡೆಬಿಯನ್ 13 (ವಿಂಡೋಸಿನ ಬದಲು ಹಾಕುವ ಒಂದು ಲಿನಕ್ಸ್) ಹಾಕಿಕೊಟ್ಟ. ಬಿಲ್ಲು, ಲೆಕ್ಕ ಎಲ್ಲ ಅದರಲ್ಲೇ. ಒಂದು ದಿನವೂ ಕೈಕೊಟ್ಟಿಲ್ಲ.

ಈಗ ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡೆ. 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 11 ಹಾಕಿಯೇ ಬಂದದ್ದು. ಹುಡುಗ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದಾನೆ, ಹಾಗಾಗಿ ಪೆನ್‌ಡ್ರೈವ್ ಮಾಡಿಕೊಂಡು ನಾನೇ ಕೂತೆ. ವೈಫೈ ಸಿಕ್ಕಿತು. ಡಿಸ್ಕ್ ಪಾಲು ಮಾಡುವ ಪುಟಕ್ಕೆ ಬಂದರೆ ಅಲ್ಲಿ ಪೆನ್‌ಡ್ರೈವ್ ಒಂದೇ ಉಂಟು, 512 ಜಿಬಿಯದ್ದು ಇಲ್ಲವೇ ಇಲ್ಲ. ಮೂರು ಸಲ ಮಾಡಿದೆ. ಕೊಂಡ ಅಂಗಡಿಯಲ್ಲಿ ಕೇಳಿದರೆ "ಅದೆಲ್ಲ ಹಾಕಿದರೆ ವಾರಂಟಿ ಹೋಗುತ್ತದೆ" ಎಂದು ಹೆದರಿಸಿ ಕಳಿಸಿದರು.

ವಿಂಡೋಸಿನಲ್ಲಿ ಎರಡು ಮದುವೆಯ ಕೆಲಸ ಅರ್ಧಕ್ಕೆ ನಿಂತಿದೆ. ಅದು ಅಳಿಸಿ ಹೋದರೆ ಆ ಮನೆಯವರಿಗೆ ಮುಖ ತೋರಿಸಲಿಕ್ಕಾಗದು. ಮತ್ತೆ, ನನ್ನ ಕೈ ಪಳಗಿದ್ದು ನುಡಿ ಎಂಬ ಕನ್ನಡ ತಂತ್ರಾಂಶದ ಕೀಬೋರ್ಡಿನಲ್ಲಿ. ಅದು ಇದರಲ್ಲಿ ಸಿಗುತ್ತದಾ? ಗೊತ್ತಿದ್ದವರು ಹೇಳಿ ಮಾರಾಯ್ರೆ.

ಸಸಿಹಿತ್ಲು, ಸುರತ್ಕಲ್

ಅಕ್ಕಾ, ಡಿಸ್ಕ್ ಹಾಳಾಗಿಲ್ಲ, ಹೆದರಬೇಡಿ. ಇಂಟೆಲ್ ಪ್ರೊಸೆಸರಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಎಸ್‌ಎಸ್‌ಡಿಯನ್ನು ವಿಎಂಡಿ ಎಂಬ ಕಂಟ್ರೋಲರಿನ ಹಿಂದೆ ಇಟ್ಟಿರುತ್ತಾರೆ. ಕೆಲವು ಬಯೋಸಿನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ ಸೆಟ್ಟಿಂಗ್ ಪುಟ) ಅದರ ಹೆಸರು ಆರ್‌ಎಸ್‌ಟಿ. ಇನ್‌ಸ್ಟಾಲರಿಗೆ ಅದನ್ನು ದಾಟಿ ನೋಡಲಿಕ್ಕಾಗದಿದ್ದರೆ ಡಿಸ್ಕ್ ಕಾಣುವುದಿಲ್ಲ. ಬಯೋಸಿಗೆ ಹೋಗಿ ವಿಎಂಡಿ ಆಫ್ ಮಾಡಬೇಕು, ಇಲ್ಲವೇ ಎಎಚ್‌ಸಿಐ ಎಂಬ ಸಾಮಾನ್ಯ ಮೋಡ್ ಆರಿಸಬೇಕು.

ಆದರೆ ಈಗಲೇ ಮಾಡಬೇಡಿ ಆಯ್ತಾ! ಹಾಗೇ ಬದಲಾಯಿಸಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ಆ ಎರಡು ಮದುವೆಯ ಫೈಲುಗಳನ್ನು ಬೇರೆ ಪೆನ್‌ಡ್ರೈವಿಗೆ ಹಾಕಿ. ಆಮೇಲೆ ಬಿಟ್‌ಲಾಕರಿನ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ರಿಕವರಿ ಕೀ, 48 ಅಂಕಿಗಳದ್ದು, ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ, ಕಾಗದದಲ್ಲಿ ಬರೆದಿಡಿ. ಇಷ್ಟಾದ ಮೇಲೆ ಸಿಸ್ಟಮ್ ಕಾನ್ಫಿಗರೇಶನ್ ತೆರೆದು, ಬೂಟ್ ಪುಟದಲ್ಲಿ ಸೇಫ್ ಬೂಟಿಗೆ ಗುರುತು ಹಾಕಿ ರೀಸ್ಟಾರ್ಟ್ ಕೊಡಿ, ಅದೇ ಹೊತ್ತಿಗೆ ಬಯೋಸಿಗೆ ಹೋಗಿ ಬದಲಾಯಿಸಿ. ವಿಂಡೋಸ್ ಸೇಫ್ ಮೋಡಿನಲ್ಲಿ ಎದ್ದು ಹೊಸ ಡ್ರೈವರ್ ಹಿಡಿದುಕೊಳ್ಳುತ್ತದೆ. ಗುರುತು ತೆಗೆದು ಇನ್ನೊಮ್ಮೆ ರೀಸ್ಟಾರ್ಟ್. ಸೇಫ್ ಮೋಡಿನಲ್ಲಿ ಪಿನ್ ನಡೆಯದೆ ಇರಬಹುದು, ಅಕೌಂಟಿನ ಪಾಸ್‌ವರ್ಡ್ ನೆನಪಿರಲಿ.

ಡೆಬಿಯನಿಗೆ ಜಾಗವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಬಿಡಿಸಿ, 150 ಜಿಬಿ ಧಾರಾಳ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಎಫ್‌ಐ ಪಾರ್ಟಿಶನ್ (ಕಂಪ್ಯೂಟರ್ ಏಳಲು ಬೇಕಾದ ಫೈಲುಗಳ ಜಾಗ) ಎರಡಕ್ಕೂ ಒಂದೇ, ಅದನ್ನು ಮಾತ್ರ ಫಾರ್ಮ್ಯಾಟ್ ಮಾಡಲೇಬೇಡಿ.

ಹಂಪನಕಟ್ಟೆ

ಇಷ್ಟೆಲ್ಲ ಯಾಕೆ? ವಿಂಡೋಸ್ ಪೂರ್ತಿ ತೆಗೆದುಬಿಡಿ, ಅರ್ಧ ಗಂಟೆಯ ಕೆಲಸ.

ಕಾಪು ದೀಪಸ್ತಂಭ

ಹಂಪನಕಟ್ಟೆಯವರೇ, ಡಿಟಿಪಿಯವರಿಗೆ ಆ ಮಾತು ಹೇಳಬಾರದು. ಅವರ ಹಳೆಯ ಪೇಜ್‌ಮೇಕರ್ ಫೈಲು ಇಲ್ಲಿ ಇದ್ದ ಹಾಗೆಯೇ ತೆರೆಯುತ್ತದೆ ಎಂಬ ಭರವಸೆ ಇಲ್ಲ. ಹೋದ ವರ್ಷದ ಕಾಗದವನ್ನೇ ಹೆಸರು ಬದಲಾಯಿಸಿ ಕೊಡಿ ಎಂದು ಗಿರಾಕಿ ಬಂದರೆ ಎಂತ ಮಾಡುವುದು? ನಾನೂ ಪ್ರೆಸ್ಸಿನಲ್ಲಿ ಇದ್ದವ, ಅಕ್ಕಾ, ವಿಂಡೋಸ್ ಇರಲಿ.

ಕೀಬೋರ್ಡಿನ ಬಗ್ಗೆ ಚಿಂತೆ ಬೇಡ. ಸೆಟ್ಟಿಂಗಿನಲ್ಲಿ ಕನ್ನಡದ ಕೆಳಗೆ ಕಗಪ ಎಂದು ಉಂಟು. ನುಡಿ ಮಾಡಿದ ಕನ್ನಡ ಗಣಕ ಪರಿಷತ್ತಿನದ್ದೇ ವಿನ್ಯಾಸ. ಒತ್ತಿಗೆ ಅದೇ ಎಫ್ ಕೀ. ದೊಡ್ಡ ವ್ಯತ್ಯಾಸ ಒಂದೇ, ಪದದ ಮೊದಲಿನ ಸ್ವರಕ್ಕೆ ಬಲಗಡೆಯ ಆಲ್ಟ್ ಹಿಡಿಯಬೇಕು. ಗುಬ್ಬಿ, ನವಿಲು ಎಂಬ ಫಾಂಟುಗಳು ಡೆಬಿಯನ್ನಿನಲ್ಲೇ ಸಿಗುತ್ತವೆ. ಪುಟ ಕಟ್ಟಲು ಸ್ಕ್ರೈಬಸ್ ಹಾಕಿ, 1.6ರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತದೆ. ನುಡಿಯ ಹಳೆಯ ಫಾಂಟಿನಲ್ಲಿ ಹೊಡೆದ ಬರಹ ಇಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ತರುವ ಮುಂಚೆ ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಪ್ರತಿ ಸಾಲನ್ನೂ ಕಣ್ಣಿಂದ ಓದಿ.

ಅಚ್ಚುಮೊಳೆ, ಉಡುಪಿ

ಆಯಿತು! ಕೀ ಬರೆದಿಟ್ಟದ್ದು ದೊಡ್ಡ ಉಪಕಾರವಾಯಿತು. ಬಯೋಸಿನಿಂದ ಹೊರಗೆ ಬಂದ ಕೂಡಲೇ ನೀಲಿ ಪರದೆಯಲ್ಲಿ ಅದನ್ನೇ ಕೇಳಿತು, 48 ಅಂಕಿ ಹೊಡೆಯುವಾಗ ಕೈ ನಡುಗುತ್ತಿತ್ತು. ಈಗ ವಿಂಡೋಸೂ ಏಳುತ್ತದೆ, ಡೆಬಿಯನ್ನೂ ಏಳುತ್ತದೆ, ಮದುವೆಯ ಫೈಲು ಎರಡೂ ಉಂಟು. ಸುರತ್ಕಲ್ಲಿನವರಿಗೆ, ಕಾಪುವಿನವರಿಗೆ ಮನಸಾರೆ ಧನ್ಯವಾದ.

ಆಲ್ಟ್ ಹಿಡಿಯಲು ಬೆರಳಿಗೆ ಇನ್ನೂ ಮರೆಯುತ್ತದೆ, "ಉಡುಪಿ" ಹೊಡೆದರೆ ಮೊದಲಿಗೆ ಬರೀ ಕೊಂಬು ಬರುತ್ತದೆ. ಸ್ಕ್ರೈಬಸ್ಸಿನಲ್ಲಿ ಒಂದು ನೇಮದ ಆಮಂತ್ರಣ ಮಾಡಿ ನೋಡಿದೆ. "ಧರ್ಮದೈವ"ದ ಅರ್ಕಾವತ್ತು ಸರಿಯಾಗಿ ಕೂತಿದೆ. ನಾಳೆ ಪ್ರಿಂಟರ್ ಸಿಕ್ಕಿಸಿ ನೋಡಬೇಕು.