ಪದಚರ್ಚೆ: ‘ಸಬ್‌ಸ್ಕ್ರಿಪ್ಶನ್’ ಎಂಬುದಕ್ಕೆ ಕನ್ನಡ ಪದ ಬೇಕಾಗಿದೆ (ತುರ್ತು)

ಮಾನ್ಯರೇ,

ಭಾರತದಲ್ಲಿ ದೂರವಾಣಿ, ಮೊಬೈಲ್ ಮತ್ತು ಅಂತರ್ಜಾಲ ಹರಡಿದ ಬಗೆಯನ್ನು ತೋರಿಸುವ ಪ್ರದರ್ಶನವೊಂದರ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಬರಹ ಮುದ್ರಣಕ್ಕೆ ಹೋಗಬೇಕು. ಹನ್ನೊಂದು ಫಲಕಗಳಲ್ಲೂ ಕಾಡುತ್ತಿರುವುದು ಒಂದೇ ಪದ: ಸಬ್‌ಸ್ಕ್ರಿಪ್ಶನ್. ಸಬ್‌ಸ್ಕ್ರೈಬರ್ ಎಂಬುದಕ್ಕೆ ‘ಚಂದಾದಾರ’ ರೂಢಿಯಲ್ಲಿದೆ. ಆದರೆ ಮೂಲದ ಕೋಷ್ಟಕಗಳು ಎಣಿಸುತ್ತಿರುವುದು ಜನರನ್ನಲ್ಲ, ಅವರು ಪಡೆದ ಲೈನು ಮತ್ತು ಸಿಮ್‌ಗಳನ್ನು. ‘ನಗರಗಳಲ್ಲಿ ನೂರು ಜನರಿಗೆ 130ಕ್ಕೂ ಹೆಚ್ಚು ಚಂದಾದಾರರಿದ್ದಾರೆ’ ಎಂದು ಬರೆದು ಓದಿದೆ. ನೂರು ಜನರ ನಡುವೆ ಉಳಿದ ಮೂವತ್ತು ಮಂದಿ ಎಲ್ಲಿಂದ ಬಂದರು ಎಂದು ಶಾಲೆಯ ಮಗುವೂ ಕೇಳುತ್ತದೆ.

‘ಚಂದಾ’ ಎಂದರೆ ಕೊಡುವ ಹಣ ಮಾತ್ರ. ‘ಚಂದಾದಾರಿಕೆ’ ವ್ಯಾಕರಣಕ್ಕೆ ಸರಿ, ಕಿವಿಗೆ ಒರಟು. ‘ಸಂಪರ್ಕ’ ಎಂದರೆ ಇಬ್ಬರು ಮಾತನಾಡುವುದು ಎಂಬ ಅರ್ಥವೂ ಬಂದುಬಿಡುತ್ತದೆ. ಇದರ ಜೊತೆಗೆ ‘ದೂರವಾಣಿ ಸಾಂದ್ರತೆ’ (ಟೆಲಿಡೆನ್ಸಿಟಿ) ಮತ್ತು ಶೀರ್ಷಿಕೆಯಲ್ಲಿರುವ ‘ಪ್ರವೃತ್ತಿಗಳು’ (ಟ್ರೆಂಡ್ಸ್) ಎಂಬ ಪದಗಳ ಬಗ್ಗೆಯೂ ಅನುಮಾನವಿದೆ. ದಯವಿಟ್ಟು ಇಂದೇ ತಿಳಿಸಿ.

ಪ್ರಶ್ನೆ ಕೇಳಿದ ಅನುವಾದಕಿ

* * *

ಮರು: ‘ಸಬ್‌ಸ್ಕ್ರಿಪ್ಶನ್’

ಚಂದಾ, ಚಂದಾದಾರ, ಚಂದಾದಾರಿಕೆ ಮೂರೂ ಬೇಡ. ಮೂರೂ ಪಾರ್ಸಿ (ಪರ್ಷಿಯನ್) ನುಡಿಯ ಸಾಲ. ಕನ್ನಡದಲ್ಲಿ ‘ವಂತಿಗೆ’ ಎಂಬ ಪದ ಇರುವಾಗ ಹೊರಗಿನಿಂದ ತರುವ ಅಗತ್ಯವೇನೂ ಇಲ್ಲ. ಕೊಡುವವನು ‘ವಂತಿಗ’, ಕೊಡುವುದು ‘ವಂತಿಗೆ’. ‘ನೂರು ಜನಕ್ಕೆ 130 ವಂತಿಗೆ’ ಎಂದು ಬರೆಯಿರಿ. ಇದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ.

ಅಚ್ಚಗನ್ನಡದ ಪರವಾಗಿ

* * *

ಮರು: ‘ಸಬ್‌ಸ್ಕ್ರಿಪ್ಶನ್’

ಚರ್ಚೆಗೆ ಬಹಳಷ್ಟು ಉಳಿದಿದೆ. ವಂತಿಗೆ ಎಂದರೆ ಹಲವರು ಸೇರಿ ಮಾಡುವ ಒಂದು ಕೆಲಸಕ್ಕೆ ಪ್ರತಿಯೊಬ್ಬರೂ ಹಾಕುವ ಪಾಲು. ಅದನ್ನು ಕೊಟ್ಟವನಿಗೆ ಪ್ರತ್ಯೇಕವಾಗಿ ಏನೂ ಸಿಗಬೇಕೆಂಬ ಕರಾರಿಲ್ಲ. ದೂರವಾಣಿಯವರಿಗೆ ನಾನು ಹಣ ಕಟ್ಟುವುದು ನನಗೊಂದು ಸಂಖ್ಯೆ, ನನಗೊಂದು ಸೇವೆ ಬೇಕೆಂದು, ಅದು ವಂತಿಗೆಯಲ್ಲ. ‘ಚಂದಾ’ ಕೂಡ ಮೊದಲಿಗೆ ಹೀಗೆಯೇ ಒಟ್ಟುಗೂಡಿಸುವ ಹಣವಾಗಿತ್ತು ಎಂಬುದು ನಿಜ. ಉತ್ಸವದ ಚಂದಾ ಎನ್ನುವಾಗ ಈಗಲೂ ಅದೇ ಅರ್ಥ. ಆದರೆ ಪತ್ರಿಕೆಗಳ ವಾರ್ಷಿಕ ಚಂದಾ ಎಂಬ ಬಳಕೆಯಿಂದ ಅದಕ್ಕೆ ‘ಹಣ ಕಟ್ಟಿ ನಿಯತವಾಗಿ ಪಡೆಯುವುದು’ ಎಂಬ ಎರಡನೆಯ ಅರ್ಥ ಕೂಡಿಕೊಂಡಿತು. ವಂತಿಗೆಗೆ ಆ ಅರ್ಥ ಕೂಡಿಕೊಂಡಿಲ್ಲ. ನಾಳೆ ಮಧ್ಯಾಹ್ನದೊಳಗೆ ಕೂಡಿಸಲೂ ಆಗದು.

ಇನ್ನು ವ್ಯುತ್ಪತ್ತಿಯ ಮಾತು. ‘ಕೆಲವು’, ‘ಎಷ್ಟು’ ಎಂಬ ಅರ್ಥದ ಪಾರ್ಸಿಯ ‘ಚಂದ್’ ಎಂಬುದರಿಂದ ಚಂದಾ ಬಂತು, ‘ಹೊಂದಿರುವವನು’ ಎಂಬ ಅರ್ಥದ ‘ದಾರ್’ ಎಂಬುದರಿಂದ ನಮ್ಮ ‘-ದಾರ’ ಬಂತು. ಬಂದದ್ದು ನಿಜ, ಆದರೆ ಬಂದು ಏನು ಮಾಡಿತು ಎಂಬುದನ್ನೂ ನೋಡಬೇಕು. ಪಾಲುದಾರ, ಗುತ್ತಿಗೆದಾರ, ಹೂಡಿಕೆದಾರ, ಬಳಕೆದಾರ: ಈ ನಾಲ್ಕರಲ್ಲೂ ಮೊದಲ ಭಾಗ ಕನ್ನಡದ್ದು. ಕನ್ನಡದ ಯಾವ ಪದಕ್ಕೆ ಬೇಕಾದರೂ ಹತ್ತಿಕೊಳ್ಳುವಷ್ಟು ಒಗ್ಗಿದ ಪ್ರತ್ಯಯವನ್ನು ಸಾಲ ಎಂದು ಕರೆಯುವುದು, ಮೂರು ತಲೆಮಾರಿನಿಂದ ಮನೆಯಲ್ಲಿರುವವರನ್ನು ಅತಿಥಿ ಎಂದು ಕರೆದ ಹಾಗೆ. ‘ಪಾಲುದಾರಿಕೆ’ ಸರಿಯಾದರೆ ‘ಚಂದಾದಾರಿಕೆ’ ಕೂಡ ಸರಿ. ಅನುವಾದಕಿಯವರು ಅದನ್ನೇ ಬಳಸಲಿ ಎಂದು ನನ್ನ ಮತ.

ಪ್ರತ್ಯಯಗಳ ಅಭ್ಯಾಸಿ

* * *

ಮರು: ‘ಸಬ್‌ಸ್ಕ್ರಿಪ್ಶನ್’

ಮೇಲಿನ ಇಬ್ಬರೂ ಪದದ ಹುಟ್ಟನ್ನು ನೋಡಿದ್ದಾರೆ. ಕೋಷ್ಟಕದಲ್ಲಿ ಎಣಿಕೆಯಾಗುತ್ತಿರುವ ವಸ್ತುವನ್ನು ಇಬ್ಬರೂ ನೋಡಿಲ್ಲ. ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನಾಗಿ ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮ ಕಾಲದಲ್ಲಿ ಚಂದಾದಾರ ಎಂಬ ಪದ ಎಲ್ಲೂ ತಪ್ಪುತ್ತಿರಲಿಲ್ಲ. ಕಾಯುವವರ ಪಟ್ಟಿಯಲ್ಲಿ ವರ್ಷಗಟ್ಟಲೆ ಹೆಸರಿಟ್ಟು ಕೊನೆಗೆ ಒಂದು ಮನೆಗೆ ಒಂದು ಲೈನು ಬಂದರೆ, ಲೈನಿಗೊಬ್ಬ ಚಂದಾದಾರ, ಚಂದಾದಾರನಿಗೊಂದು ಲೈನು. ವ್ಯಕ್ತಿಯನ್ನು ಎಣಿಸಿದರೂ ಲೈನನ್ನು ಎಣಿಸಿದರೂ ಲೆಕ್ಕ ಹೆಚ್ಚುಕಡಿಮೆ ಒಂದೇ. ಈ ಹೊಂದಾಣಿಕೆಯನ್ನು ಮುರಿದದ್ದು ಮೊಬೈಲ್. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಕೋಲ್ಕತ್ತದಿಂದ ದೆಹಲಿಗೆ ಹೋಯಿತು. ಆಮೇಲೆ ಕೆಲವು ವರ್ಷ ಅದು ಕೆಲವರ ಸ್ವತ್ತಾಗಿಯೇ ಉಳಿಯಿತು. 2003ರ ಮೇ ತಿಂಗಳಿಂದ ಕರೆ ಮಾಡಿದವರೇ ಹಣ ಕೊಡುವ ಪದ್ಧತಿ ಜಾರಿಗೆ ಬಂದು, ಒಳಬರುವ ಕರೆ ಉಚಿತವಾದ ಮೇಲೆ ಸಿಮ್ ಕೊಂಡಿಟ್ಟುಕೊಳ್ಳುವುದು ಹೊರೆ ಎನಿಸಲಿಲ್ಲ. ಮಾರನೆಯ ವರ್ಷವೇ ಮೊಬೈಲ್‌ಗಳ ಸಂಖ್ಯೆ ಲ್ಯಾಂಡ್‌ಲೈನ್‌ಗಳದ್ದನ್ನು ದಾಟಿತು. ಪ್ರೀಪೇಯ್ಡ್ ಬಂದು ಬಿಲ್ಲೂ ಇಲ್ಲವಾಯಿತು, ನಿಯತವಾಗಿ ಚಂದಾ ಕಟ್ಟುವ ಮಾತೂ ಹೋಯಿತು. ಇಂದು ಹತ್ತರಲ್ಲಿ ಸುಮಾರು ಒಂಬತ್ತು ಮೊಬೈಲ್‌ಗಳು ಪ್ರೀಪೇಯ್ಡ್. ಒಬ್ಬ ವ್ಯಕ್ತಿ ತನ್ನ ಹೆಸರಿನಲ್ಲಿ 9 ಸಿಮ್‌ಗಳವರೆಗೆ ಇಟ್ಟುಕೊಳ್ಳಲು ನಿಯಮವೇ ಅವಕಾಶ ಕೊಡುತ್ತದೆ. ಜಮ್ಮು ಮತ್ತು ಕಾಶ್ಮೀರ, ಅಸ್ಸಾಂ ಹಾಗೂ ಈಶಾನ್ಯದ ರಾಜ್ಯಗಳಲ್ಲಿ ಮಾತ್ರ ಆ ಮಿತಿ 6. ಒಂಬತ್ತು ಸಿಮ್ ಇಟ್ಟುಕೊಂಡವನನ್ನು ಒಂಬತ್ತು ಚಂದಾದಾರರು ಎನ್ನಬಹುದೇ?

ಈ ಭೇದವನ್ನು ಮರೆತರೆ ಏರಿಳಿತ ತೋರಿಸುವ ನಕ್ಷೆಯನ್ನೇ ತಪ್ಪಾಗಿ ಓದುತ್ತೇವೆ. 2018ರ ಕೊನೆಯಲ್ಲಿ ಸಿಮ್ ಚಾಲ್ತಿಯಲ್ಲಿರಬೇಕಾದರೆ ಪ್ರತಿ ತಿಂಗಳೂ ಕನಿಷ್ಠ ಮೊತ್ತದ ರೀಚಾರ್ಜ್ ಮಾಡಲೇಬೇಕೆಂಬ ಯೋಜನೆಗಳು ಬಂದವು. ಎರಡು ಸಿಮ್ ಇಟ್ಟುಕೊಂಡಿದ್ದವರು ಒಂದನ್ನು ಕೈಬಿಟ್ಟರು. ಕೋಷ್ಟಕದ ಸಂಖ್ಯೆ ಇಳಿಯಿತು. ಅದನ್ನು ‘ಚಂದಾದಾರರು ಕಡಿಮೆಯಾದರು’ ಎಂದು ಬರೆದರೆ ಅಷ್ಟು ಜನ ಫೋನು ಬಿಟ್ಟರು ಎಂದಾಗುತ್ತದೆ. ಒಬ್ಬರೂ ಬಿಟ್ಟಿರಲಿಲ್ಲ ಎನ್ನಲಾರೆ, ಆದರೆ ಇಳಿದದ್ದು ಮುಖ್ಯವಾಗಿ ಎರಡನೆಯ ಸಿಮ್. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ತನ್ನ ಮಾಸಿಕ ವರದಿಯಲ್ಲಿ ಒಟ್ಟು ಸಂಖ್ಯೆಯ ಪಕ್ಕದಲ್ಲೇ ನಿಜಕ್ಕೂ ಚಾಲ್ತಿಯಲ್ಲಿರುವ ಸಂಖ್ಯೆಯನ್ನೂ ಕೊಡುತ್ತದೆ. ಎರಡರ ನಡುವೆ ಸುಮಾರು ಹತ್ತರಲ್ಲೊಂದು ಪಾಲಿನಷ್ಟು ಅಂತರ ಇರುತ್ತದೆ. ಇನ್ನು ವಾಹನಗಳಲ್ಲಿ, ಕಾರ್ಡ್ ಉಜ್ಜುವ ಯಂತ್ರಗಳಲ್ಲಿ ಕೂರಿಸುವ ಸಿಮ್‌ಗಳಿವೆ, ಅವುಗಳಿಗೆ 13 ಅಂಕಿಯ ಸಂಖ್ಯೆಯೇ ಬೇರೆ. ‘ಚಂದಾದಾರ’ ಪುಲ್ಲಿಂಗ, ಯಂತ್ರಕ್ಕೆ ಅದು ಹೇಗೆ ಒಪ್ಪುತ್ತದೆ?

ನನ್ನ ಸಲಹೆ ‘ಸಂಪರ್ಕ’. ಅದಕ್ಕೆ ಎರಡು ಅರ್ಥಗಳಿವೆ ಎಂಬ ಆತಂಕ ಬೇಡ, ಏಕೆಂದರೆ ಕ್ರಿಯಾಪದವೇ ಅರ್ಥವನ್ನು ಬೇರ್ಪಡಿಸುತ್ತದೆ. ‘ಸಂಪರ್ಕದಲ್ಲಿರು’, ‘ಸಂಪರ್ಕಿಸು’ ಎಂದಾಗ ಜನರ ನಡುವಿನ ಮಾತು. ‘ಸಂಪರ್ಕ ಪಡೆ’, ‘ಸಂಪರ್ಕ ಕೊಡು’, ‘ಸಂಪರ್ಕ ಕಡಿತ’ ಎಂದಾಗ ಎಣಿಸಬಹುದಾದ ವಸ್ತು. ವಿದ್ಯುತ್ ಸಂಪರ್ಕ, ನೀರಿನ ಸಂಪರ್ಕ ಎಂದು ನಾವು ಎಷ್ಟೋ ಕಾಲದಿಂದ ಎಣಿಸುತ್ತಲೇ ಬಂದಿದ್ದೇವೆ. ‘ನಗರಗಳಲ್ಲಿ ನೂರು ಜನರಿಗೆ 130ಕ್ಕೂ ಹೆಚ್ಚು ಸಂಪರ್ಕಗಳಿವೆ, ಹಳ್ಳಿಗಳಲ್ಲಿ 60ಕ್ಕೂ ಕಡಿಮೆ’ ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ. ಅಂತರ್ಜಾಲದ ಕೋಷ್ಟಕದಲ್ಲಿರುವ ತೊಂಬತ್ತು ಕೋಟಿಗೂ ಹೆಚ್ಚಿನ ಸಂಖ್ಯೆಯಲ್ಲಿ ಬಹುಪಾಲು ಅದೇ ಮೊಬೈಲ್ ಸಿಮ್‌ಗಳು. ‘ಮೊಬೈಲ್ ಸಂಪರ್ಕ’, ‘ಅಂತರ್ಜಾಲ ಸಂಪರ್ಕ’ ಎಂದು ಅಕ್ಕಪಕ್ಕ ಬರೆದರೆ ಓದುಗರು ಎರಡನ್ನೂ ಕೂಡಿಸಿಬಿಡುತ್ತಾರೆ. ಆದ್ದರಿಂದ ‘ಅಂತರ್ಜಾಲವಿರುವ ಸಂಪರ್ಕ’ ಎಂದು ಬರೆಯಿರಿ. ಆಗ ಇದು ಒಟ್ಟಿನ ಒಂದು ಭಾಗ ಎಂಬುದು ಪದದಲ್ಲೇ ಇರುತ್ತದೆ.

‘ಸಾಂದ್ರತೆ’ ಬಿಡುವುದು ಒಳ್ಳೆಯದು. ಜನಸಾಂದ್ರತೆಯನ್ನು ಚದರ ಕಿಲೋಮೀಟರಿಗೆ ಲೆಕ್ಕ ಹಾಕುತ್ತೇವೆ, ಇಲ್ಲಿ ಲೆಕ್ಕ ನೂರು ಜನರಿಗೆ. ‘ನೂರು ಜನರಿಗೆ ಎಷ್ಟು’ ಎಂದೇ ಬರೆಯಿರಿ.

ನಿವೃತ್ತ ದೂರವಾಣಿ ಎಂಜಿನಿಯರ್

* * *

ಮರು: ‘ಸಬ್‌ಸ್ಕ್ರಿಪ್ಶನ್’

ಪಾರ್ಸಿಯನ್ನು ಕಳಿಸಿ ಸಂಸ್ಕೃತವನ್ನು ಕೂರಿಸಿದಿರಿ. ಇದನ್ನು ನಾನು ಒಪ್ಪುವುದಿಲ್ಲ. ವಂತಿಗೆಯ ಅರ್ಥ ಹೊಂದುವುದಿಲ್ಲ ಎಂಬುದನ್ನು ಬೇಕಾದರೆ ಒಪ್ಪುತ್ತೇನೆ, ಆದರೆ ‘ಸೇರು’, ‘ಕೂಡು’, ‘ನಂಟು’ ಎಂಬ ಬೇರುಗಳಿರುವ ನುಡಿಗೆ ಸಂಪರ್ಕ ಎಂಬ ಪದ ಏಕೆ ಬೇಕು? ‘ಮೊಬೈಲ್ ನಂಟು’ ಎಂದು ಏಕೆ ಬರೆಯಬಾರದು? ಬಳಸಿದರೆ ತಾನೇ ಬಳಕೆಗೆ ಬರುವುದು? ಪ್ರತಿ ಬಾರಿಯೂ ‘ಸಮಯವಿಲ್ಲ, ಈಗ ಇರುವುದನ್ನೇ ಬಳಸೋಣ’ ಎನ್ನುತ್ತಾ ಹೋದರೆ ಕನ್ನಡದ ಬೇರುಗಳಿಂದ ಹೊಸ ಪದ ಹುಟ್ಟುವ ದಿನ ಬರುವುದೇ ಇಲ್ಲ. ಇದು ನನಗೆ ಹಟದ ವಿಷಯವಲ್ಲ, ನೋವಿನ ವಿಷಯ.

ಅಚ್ಚಗನ್ನಡದ ಪರವಾಗಿ

* * *

ಮರು: ‘ಸಬ್‌ಸ್ಕ್ರಿಪ್ಶನ್’

ನಂಟು ಎಂದರೆ ಬಂಧುತ್ವ. ‘ಎರಡನೆಯ ನಂಟು ಕಡಿದುಕೊಂಡರು’ ಎಂದು ಫಲಕದಲ್ಲಿ ಬರೆದರೆ ಓದುವವರು ಬೇರೆಯದನ್ನೇ ತಿಳಿಯುತ್ತಾರೆ. ಈ ಸಲಹೆ ನಿಲ್ಲುವುದಿಲ್ಲ.

ಹೊಸ ಪದ ಹುಟ್ಟಬೇಕೆಂಬ ಕಳಕಳಿ ನನಗೂ ಇದೆ. ಆದರೆ ಜನ ಪದ ಕಟ್ಟುವ ದಾರಿ ಬೇರೆ. ಟೆಲಿಗ್ರಾಮ್ ಬಂದಾಗ ಕಣ್ಣಿಗೆ ಕಂಡ ತಂತಿಯನ್ನೇ ಹಿಡಿದು ‘ತಂತಿ ಬಂತು’ ಎಂದರು. ಆ ‘ತಂತಿ’ಯೂ ಸಂಸ್ಕೃತದಿಂದ ಬಂದದ್ದೇ, ನಿಮ್ಮ ನಿಯಮದಂತೆ ಅದನ್ನೂ ಬಿಡಬೇಕಾಗುತ್ತದೆ. 2013ರ ಜುಲೈನಲ್ಲಿ ಟೆಲಿಗ್ರಾಮ್ ಸೇವೆ ಮುಚ್ಚಿತು, ತಂತಿ ಎಂಬ ಮಾತು ಉಳಿಯಿತು. ಇವತ್ತಿನ ಮಾತಿನಲ್ಲಿ ಸಬ್‌ಸ್ಕ್ರಿಪ್ಶನ್ ಎಂಬುದಕ್ಕೆ ಇರುವ ನಿಜವಾದ ಪದ ‘ನಂಬರು’: ‘ಅವರ ಹತ್ತಿರ ಎರಡು ನಂಬರಿವೆ’ ಎನ್ನುತ್ತೇವೆ, ಎರಡು ಚಂದಾದಾರಿಕೆ ಎನ್ನುವುದಿಲ್ಲ. ಲ್ಯಾಂಡ್‌ಲೈನ್, ಮೊಬೈಲ್ ಎರಡಕ್ಕೂ ನಡೆಯುವ ಈ ಮಾತು ಅಂತರ್ಜಾಲಕ್ಕೆ ನಡೆಯದು. ಇಷ್ಟಾದ ಮೇಲೆ ‘ಚಂದಾದಾರಿಕೆ’ಯ ಪರವಾದ ನನ್ನ ವಾದವನ್ನು ಹಿಂದಕ್ಕೆ ಪಡೆಯುತ್ತೇನೆ. ಎಂಜಿನಿಯರ್ ಅವರ ‘ಸಂಪರ್ಕ’ ಸರಿ.

ಪ್ರತ್ಯಯಗಳ ಅಭ್ಯಾಸಿ

* * *

ಮರು: ‘ಸಬ್‌ಸ್ಕ್ರಿಪ್ಶನ್’

ಎಲ್ಲರಿಗೂ ಕೃತಜ್ಞತೆಗಳು. ಎಲ್ಲ ಫಲಕಗಳಲ್ಲೂ ‘ಸಂಪರ್ಕ’ ಎಂದು ತಿದ್ದಿದ್ದೇನೆ. ‘ಚಂದಾದಾರ’ ಒಂದೇ ಕಡೆ, 1995ಕ್ಕಿಂತ ಹಿಂದಿನ ಕಾಲದ ಫಲಕದಲ್ಲಿ ಉಳಿದಿದೆ, ಅಲ್ಲಿ ಅದು ಸತ್ಯ. ಶೀರ್ಷಿಕೆಯ ‘ಪ್ರವೃತ್ತಿ’ಯನ್ನು ತೆಗೆದೆ; ಪ್ರವೃತ್ತಿ ಮನಸ್ಸಿನ ಒಲವಿಗೆ ಒಪ್ಪುವ ಪದ, ಸಂಖ್ಯೆಗೆ ‘ಏರಿಳಿತ’ ಸಾಕು. ‘ಸ್ಥಿರ ದೂರವಾಣಿ’ ಎಂಬುದೂ ಹೋಯಿತು, ಏಕೆಂದರೆ ನಕ್ಷೆಯಲ್ಲಿ ಆ ಗೆರೆ ಸ್ಥಿರವಾಗಿಯೇ ಇಲ್ಲ: 2005-06ರ ಹೊತ್ತಿಗೆ ಸುಮಾರು 5 ಕೋಟಿ, 2020ರಲ್ಲಿ ಸುಮಾರು 2 ಕೋಟಿ, ಮನೆಗಳಿಗೆ ಫೈಬರ್ ಬಂದ ಮೇಲೆ ಮತ್ತೆ 3 ಕೋಟಿ ದಾಟಿದೆ. ‘ತಂತಿ ದೂರವಾಣಿ’ ಎನ್ನೋಣವೆಂದರೆ ಈ ಹೊಸ ಏರಿಕೆ ಫೈಬರಿನದು, ತಾಮ್ರದ ತಂತಿಯದಲ್ಲ. ಹಾಗಾಗಿ ‘ಲ್ಯಾಂಡ್‌ಲೈನ್’ ಎಂದೇ ಬಿಟ್ಟಿದ್ದೇನೆ, ಅಚ್ಚಗನ್ನಡದವರು ಕ್ಷಮಿಸಬೇಕು.

ವೇಗದ ಅಂತರ್ಜಾಲಕ್ಕೆ ಹೇಳುವ ‘ಬ್ರಾಡ್‌ಬ್ಯಾಂಡ್’ ಪದವನ್ನೂ ಅನುವಾದಿಸಿಲ್ಲ. 2004ರಲ್ಲಿ ಸೆಕೆಂಡಿಗೆ 256 ಕಿಲೋಬಿಟ್, 2013ರಲ್ಲಿ 512 ಕಿಲೋಬಿಟ್, 2023ರಲ್ಲಿ 2 ಮೆಗಾಬಿಟ್ ಎಂದು ಅದರ ಕನಿಷ್ಠ ವೇಗ ಬದಲಾಗುತ್ತ ಬಂದಿರುವುದರಿಂದ, ಪದದ ಕೆಳಗೆ ಆಯಾ ವರ್ಷದ ವೇಗವನ್ನು ಸಣ್ಣ ಅಕ್ಷರದಲ್ಲಿ ಕೊಟ್ಟಿದ್ದೇನೆ.

ಕೊನೆಯದಾಗಿ ಒಂದು ಸಂದೇಹ: ‘3 ಕೋಟಿ ಸಂಪರ್ಕ’ ಎನ್ನಬೇಕೋ ‘3 ಕೋಟಿ ಸಂಪರ್ಕಗಳು’ ಎನ್ನಬೇಕೋ?

ಪ್ರಶ್ನೆ ಕೇಳಿದ ಅನುವಾದಕಿ

* * *

ಮರು: ‘ಸಬ್‌ಸ್ಕ್ರಿಪ್ಶನ್’

ಸಂಖ್ಯೆಯೇ ಬಹುತ್ವವನ್ನು ಹೇಳಿದ ಮೇಲೆ ‘ಗಳು’ ಬೇಕಿಲ್ಲ. ಫಲಕದಲ್ಲಿ ಜಾಗವೂ ಉಳಿಯುತ್ತದೆ. ಲ್ಯಾಂಡ್‌ಲೈನ್ ಬಗ್ಗೆ ನನ್ನ ತಕರಾರು ಹಾಗೆಯೇ ಇದೆ. ನಾಳೆಯ ಮುದ್ರಣ ಮುಗಿದ ಮೇಲೆ ಅದಕ್ಕೆ ಪ್ರತ್ಯೇಕವಾಗಿ ಬರೆಯುತ್ತೇನೆ.

ಅಚ್ಚಗನ್ನಡದ ಪರವಾಗಿ