‘ಸೋಸು’, ‘ಬಸಿ’, ‘ಸಾಣಿಸು’: ಮೀನುಮರಿಯ ಜೀವಂತ ಆಹಾರಕ್ಕೆ ಯಾವ ಕ್ರಿಯಾಪದ?

ಬಲ್ಲ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕಾರವಾರದ ಕಡೆ ಸಮುದ್ರಮೀನಿನ ಮರಿ ಸಾಕುವವರ ಬಳಕೆಗೆಂದು ಒಂದು ಕಿರು ಕೈಪಿಡಿಯನ್ನು ಧಾರವಾಡದಲ್ಲಿ ಕುಳಿತು ಕನ್ನಡಕ್ಕೆ ತರುತ್ತಿದ್ದೇನೆ. ಮೂಲದಲ್ಲಿ ‘ಸ್ಟ್ರೇನ್’ ಮತ್ತು ‘ಹಾರ್ವೆಸ್ಟ್’ ಎಂಬ ಎರಡು ಕ್ರಿಯಾಪದಗಳು ಪುಟಪುಟದಲ್ಲಿಯೂ ಬರುತ್ತವೆ. ನಮ್ಮಲ್ಲಿ ಇವುಗಳಿಗೆ ಪದಗಳ ಬರವಿಲ್ಲ. ಹತ್ತಾರು ಪದಗಳಿದ್ದು, ಒಂದೊಂದೂ ಒಂದೊಂದು ಕಡೆಗೆ ವಾಲುತ್ತದೆ ಎಂಬುದೇ ತೊಡಕು.

ಮೊದಲು ಕೆಲಸವನ್ನು ಹೇಳಿಬಿಡುತ್ತೇನೆ. ಮೊಟ್ಟೆಯೊಡೆದು ಬಂದ ಸಮುದ್ರಮೀನಿನ ಮರಿ ಎರಡು ಮೂರು ದಿನ ತನ್ನ ಹೊಟ್ಟೆಗೆ ಅಂಟಿದ ಆಹಾರದ ಭಂಡಾರದ ಮೇಲೆ ಬದುಕಿ, ಆಮೇಲೆ ಬಾಯಿ ತೆರೆಯುತ್ತದೆ. ಆ ಬಾಯಿಗೆ ಹಿಡಿಸುವಷ್ಟು ಸಣ್ಣದಾದ, ಕಣ್ಣೆದುರು ಅಲುಗಾಡುವ ಜೀವಿಯನ್ನೇ ಅದು ಹಿಡಿದು ತಿನ್ನುತ್ತದೆ. ಆದ್ದರಿಂದ ಹಸಿರು ಪಾಚಿಯ ನೀರಿನಲ್ಲಿ ರೋಟಿಫರ್ ಎಂಬ ಸೂಕ್ಷ್ಮಜೀವಿಯನ್ನು ಬೆಳೆಸಿ ಮರಿಗಳಿಗೆ ಉಣಿಸುತ್ತಾರೆ. ಇದರ ಸಣ್ಣ ಜಾತಿಯ ಅಳತೆ 100ರಿಂದ 210 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ತೊಟ್ಟಿಯ ನೀರನ್ನು ಮೊದಲು ಸುಮಾರು 250 ಮೈಕ್ರಾನ್ ಕಣ್ಣಿನ (ರಂಧ್ರದ) ಬಟ್ಟೆಯಲ್ಲಿ ಹಾಯಿಸಿದರೆ ಪಾಚಿಯ ಮುದ್ದೆ, ಕಸಕಡ್ಡಿ ಮೇಲೆ ನಿಂತು ರೋಟಿಫರ್ ಕೆಳಗಿಳಿಯುತ್ತದೆ. ಅದೇ ನೀರನ್ನು ಮತ್ತೆ 50 ಮೈಕ್ರಾನ್ ಕಣ್ಣಿನಲ್ಲಿ ಹಾಯಿಸಿದರೆ ಈ ಸಲ ರೋಟಿಫರ್ ಮೇಲೆ ನಿಂತು, ಅದಕ್ಕಿಂತ ಸಣ್ಣ ಬೇಡದ ಜೀವಿಗಳೂ ಹೊಲಸು ನೀರೂ ಕೆಳಗೆ ಹೋಗುತ್ತವೆ. ಒಂದೇ ಉಸಿರಿನಲ್ಲಿ ಎರಡು ಸಲ ನಡೆಯುವ ಈ ಕೆಲಸದಲ್ಲಿ ಮೊದಲ ಸಲ ಬೇಕಾದದ್ದು ಕೆಳಗಿಳಿಯುತ್ತದೆ, ಎರಡನೆಯ ಸಲ ಮೇಲೆ ಉಳಿಯುತ್ತದೆ. ಇಂಗ್ಲಿಷು ಎರಡನ್ನೂ ಒಂದೇ ಪದದಿಂದ ಹೇಳಿ ಮುಗಿಸುತ್ತದೆ. ನಾನೂ ಎರಡು ಕಡೆ ‘ಸೋಸಿರಿ’ ಎಂದು ಬರೆದೆ, ಓದಿದ ಗೆಳೆಯರೊಬ್ಬರು, “ಚಹಾ ಸೋಸಿದ ಮೇಲೆ ಚರಟವನ್ನು ಯಾರು ಇಟ್ಟುಕೊಳ್ಳುತ್ತಾರೆ?” ಎಂದು ಕೇಳಿದರು. ಅವರ ಮಾತಿನಂತೆ ಎರಡನೆಯ ಸೋಸುವಿಕೆಯಲ್ಲಿ ನನ್ನ ಓದುಗ ರೋಟಿಫರನ್ನು ಮೋರಿಗೆ ಚೆಲ್ಲಿ ನೀರನ್ನು ಜೋಪಾನ ಮಾಡಿಯಾನು.

ಆದರೆ ‘ಸೋಸು’ವಿನ ಅರ್ಥ ಅಷ್ಟಕ್ಕೇ ನಿಲ್ಲುವುದೇ ಎಂಬ ಸಂಶಯ ನನಗಿದೆ. ನಮ್ಮ ಕಡೆ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕುಳಿತು ಮೆಂತ್ಯೆಯ ತಪ್ಪಲನ್ನು ಸೋಸುತ್ತಾರೆ. ಅಲ್ಲಿ ನೀರೂ ಇಲ್ಲ, ಬಟ್ಟೆಯೂ ಇಲ್ಲ. ಕೊಳೆತ ಎಲೆ, ಹುಲ್ಲು, ಬೇರು ತೆಗೆದು ಒಳ್ಳೆಯದನ್ನು ಕೈಯಲ್ಲಿ ಉಳಿಸಿಕೊಳ್ಳುವುದಷ್ಟೇ ಅದರ ಅರ್ಥ. ಹಾಗಿದ್ದರೆ ‘ಸೋಸು’ ಎಂಬುದರ ತಿರುಳು ‘ಬೇಡದ್ದನ್ನು ಕಳೆ’ ಎಂದಾಗುತ್ತದೆಯೇ ಹೊರತು ‘ದ್ರವವನ್ನು ಉಳಿಸಿಕೋ’ ಎಂದಲ್ಲ. ದಕ್ಷಿಣದ ಜಿಲ್ಲೆಗಳಲ್ಲಿ ಸೊಪ್ಪಿಗೆ ಈ ಪದ ಸಲ್ಲುತ್ತದೆಯೇ, ಅಥವಾ ಅಲ್ಲಿ ‘ಬಿಡಿಸು’ ಮಾತ್ರವೇ?

‘ಸಾಣಿಗೆ’ಯ ಕತೆಯೂ ಹೀಗೆಯೇ ಇದೆ. ಜೋಳದ ಹಿಟ್ಟನ್ನು ಸಾಣಿಸಿದಾಗ ಕೆಳಗೆ ಬಿದ್ದ ಹಿಟ್ಟು ರೊಟ್ಟಿಗೆ, ಮೇಲೆ ಉಳಿದದ್ದು ಎಮ್ಮೆಗೆ. ಗೋಧಿ ಒಡೆಸಿ ತಂದು ಸಜ್ಜಕದ ರವೆಗಾಗಿ ಸಾಣಿಸಿದಾಗ ಹಿಟ್ಟು ಕೆಳಗೆ ಹೋಗಿ ಬೇಕಾದ ರವೆ ಸಾಣಿಗೆಯಲ್ಲಿಯೇ ನಿಲ್ಲುತ್ತದೆ. ಎರಡೂ ದಿಕ್ಕಿಗೆ ಒಪ್ಪುವ ಈ ಪದ ನನಗೆ ಇಷ್ಟವಾಯಿತಾದರೂ ಅದರಲ್ಲಿ ಒಣ ಪದಾರ್ಥವನ್ನು ಅಲುಗಾಡಿಸುವ ಭಾವವಿದೆ. ರೋಟಿಫರನ್ನು ಹಾಗೆ ಅಲುಗಾಡಿಸಿದರೆ ಅದು ಬಟ್ಟೆಗೆ ಒತ್ತಿಕೊಂಡು ಸಾಯುತ್ತದೆ. ಸಾಣಿಗೆಯ ತಳ ನೀರು ತುಂಬಿದ ಬೋಗುಣಿಯಲ್ಲಿ ಮುಳುಗಿರಬೇಕು, ಮೇಲಿನಿಂದ ಕೊಳವೆಯ ನೀರು ಮೆಲ್ಲಗೆ ಇಳಿಯಬೇಕು. ಹೀಗಾಗಿ ಸಲಕರಣೆಗೆ ‘ಸಾಣಿಗೆ’ಯನ್ನು, ಅದರ ರಂಧ್ರಕ್ಕೆ ಬಲೆಯವರು ಹೇಳುವ ‘ಕಣ್ಣು’ ಎಂಬುದನ್ನು ಇಟ್ಟುಕೊಂಡು, ಕ್ರಿಯಾಪದವನ್ನು ಬೇರೆಡೆ ಹುಡುಕುತ್ತಿದ್ದೇನೆ. ಕಾರವಾರ, ಅಂಕೋಲೆಯ ಕಡೆಯವರಿಗೆ ‘ಸಾಣಿಗೆ’ ತಿಳಿಯುತ್ತದೆಯೇ, ‘ಜರಡಿ’ ಎಂದೇ ಬರೆಯಬೇಕೇ ಎಂಬುದನ್ನು ಅಲ್ಲಿಯವರು ದಯವಿಟ್ಟು ಹೇಳಬೇಕು.

ಈಗ ನನ್ನ ಮನಸ್ಸು ‘ಬಸಿ’ಯ ಕಡೆಗಿದೆ. ಅನ್ನ ಬಸಿದಾಗ ಗಂಜಿ ಹೋಗಿ ಅಗುಳು ಉಳಿಯುತ್ತದೆ. ಹೋಳಿಗೆಯ ದಿನ ಬೇಳೆ ಬಸಿದಾಗ ಬೇಳೆ ಹೂರಣಕ್ಕೂ ಕಟ್ಟು ಸಾರಿಗೂ ಸಲ್ಲುತ್ತವೆ. ಗಟ್ಟಿ ಪದಾರ್ಥವೇ ಮುಖ್ಯವೆಂಬ ಭಾವ ಇದರಲ್ಲಿ ಸ್ಪಷ್ಟವಾಗಿದೆ. ಹೀಗಾಗಿ 250 ಮೈಕ್ರಾನಿಗೆ ‘ಸೋಸು’, 50 ಮೈಕ್ರಾನಿಗೆ ‘ಬಸಿ’ ಎಂದು ಹಂಚಿದ್ದೇನೆ. ಆಕ್ಷೇಪಣೆ ಇಲ್ಲದಿಲ್ಲ: ಬಸಿಯುವುದೆಂದರೆ ನೀರು ಪೂರ್ತಿ ಇಳಿದುಹೋಗುವುದು, ಇಲ್ಲಿ ಪೂರ್ತಿ ಇಳಿಯಲೇಬಾರದು. ‘ಶೋಧಿಸು’ ಎಂಬುದನ್ನು ಕೆಲವರು ಸೂಚಿಸಿದರು. ಇವತ್ತಿನ ಕಿವಿಗೆ ಅದು ಪೊಲೀಸರ ಶೋಧವಾಗಿ ಕೇಳಿಸುವುದರಿಂದ ಬಿಟ್ಟೆ.

ಮರಿಗಳಿಗೆ ಉಣಿಸುವ ಇನ್ನೊಂದು ಜೀವಿ, ಉಪ್ಪುನೀರಿನ ಕಿರು ಸಿಗಡಿಯಂಥ ಆರ್ಟೀಮಿಯಾ. ಅದರ ವಿಷಯ ಇನ್ನೂ ಸ್ವಾರಸ್ಯದ್ದು. ಇದರ ಒಣ ಮೊಟ್ಟೆಗಳು 28 ಡಿಗ್ರಿ ಶಾಖದ ಉಪ್ಪುನೀರಿನಲ್ಲಿ ಸುಮಾರು 24 ಗಂಟೆಯಲ್ಲಿ ಒಡೆಯುತ್ತವೆ. ಗಾಳಿಯ ಕೊಳವೆ ನಿಲ್ಲಿಸಿ, ಮೇಲೆ ಮುಚ್ಚಿ, ತಳದಲ್ಲಿ ದೀಪವಿಟ್ಟರೆ ಖಾಲಿ ಸಿಪ್ಪೆ ತೇಲುತ್ತದೆ, ಒಡೆಯದ ಮೊಟ್ಟೆ ತಳಕ್ಕಿಳಿಯುತ್ತದೆ, ಮರಿಗಳು ಬೆಳಕಿನತ್ತ ಬಂದು ಗುಂಪಾಗುತ್ತವೆ. ಗಾಳಿಯಿಂದ ಬೇರ್ಪಡಿಸುವುದಕ್ಕೆ ‘ತೂರು’, ಮೊರದಿಂದಾದರೆ ‘ಕೇರು’, ನೀರಿನಿಂದಾದರೆ ‘ಜಾಲಿಸು’ ನಮ್ಮಲ್ಲಿವೆ. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಕಣ ಆರಿಸುತ್ತಿದ್ದವರನ್ನು ಜಾಲಗಾರರೆಂದೇ ಕರೆಯುತ್ತಿದ್ದರು. ಬೆಳಕಿನಿಂದ ಬೇರ್ಪಡಿಸುವುದಕ್ಕೆ ಮಾತ್ರ ಪದವಿಲ್ಲ, ಏಕೆಂದರೆ ಕಾಳುಕಡಿ ಬೆಳಕಿನತ್ತ ನಡೆದು ಬರುವುದಿಲ್ಲ. ಇಲ್ಲಿ ‘ಬೆಳಕಿಗೆ ಸೆಳೆದು ತೆಗೆಯಿರಿ’ ಎಂದು ಬಿಡಿಸಿ ಬರೆದಿದ್ದೇನೆ.

ಇನ್ನು ‘ಹಾರ್ವೆಸ್ಟ್’. ಮೀನಿನ ಕೈಪಿಡಿಗಳಲ್ಲಿ ‘ಕಟಾವು’, ‘ಕೊಯ್ಲು’ ಎಂದು ಕಾಣುತ್ತದೆ. ಕಬ್ಬಿಗೆ ಒಪ್ಪುವ ‘ಕಟಾವು’ ಜೀವಂತವಾಗಿ ತೆಗೆಯಬೇಕಾದ ಪ್ರಾಣಿಗೆ ಕ್ರೂರವೆನಿಸುತ್ತದೆ. ನಮ್ಮ ರೈತರಂತೂ ಬೆಳೆಗೊಂದು ಮಾತು ಇಟ್ಟುಕೊಂಡಿದ್ದಾರೆ: ಗೋಧಿ ಕೊಯ್ಯುತ್ತಾರೆ, ಜೋಳದ ತೆನೆ ಮುರಿಯುತ್ತಾರೆ, ಹತ್ತಿ ಬಿಡಿಸುತ್ತಾರೆ, ಶೇಂಗಾ ಕೀಳುತ್ತಾರೆ, ಬ್ಯಾಡಗಿಯ ಕಡೆ ಮೆಣಸಿನಕಾಯಿ ಹರಿಯುತ್ತಾರೆ. ರೋಟಿಫರ್ ತೊಟ್ಟಿಯಿಂದಲಾದರೋ ದಿನವೂ ನೂರಕ್ಕೆ ಇಪ್ಪತ್ತು ಮೂವತ್ತು ಪಾಲು ನೀರನ್ನಷ್ಟೇ ತೆಗೆದು, ಅಷ್ಟೇ ಹೊಸ ನೀರು ಮತ್ತು ಪಾಚಿ ಸೇರಿಸಿ ಉಳಿದದ್ದನ್ನು ಬೆಳೆಯಲು ಬಿಡುತ್ತಾರೆ. ವರ್ಷಕ್ಕೊಮ್ಮೆ ಬರುವ ಸುಗ್ಗಿಯ ಭಾವ ಇಲ್ಲಿ ಹೊಂದುವುದಿಲ್ಲ. ಸವಣೂರಿನ ಎಲೆಬಳ್ಳಿ ಹೊಂದುತ್ತದೆ. ಬಳ್ಳಿಯನ್ನು ಉಳಿಸಿ ಎಲೆಯನ್ನಷ್ಟೇ ಕೊಯ್ಯುವುದಕ್ಕೂ ನಾವು ‘ಕೊಯ್’ ಎನ್ನುವುದರಿಂದ ‘ಕೊಯ್ಲು’ವನ್ನು ಸಾರಾಸಗಟಾಗಿ ತಳ್ಳಿಹಾಕುವುದೂ ನ್ಯಾಯವಲ್ಲ ಎಂದು ಒಪ್ಪುತ್ತೇನೆ. ಆದರೂ ನನ್ನ ಒಲವು ‘ಎತ್ತು’ ಎಂಬುದರ ಕಡೆಗಿದೆ. ಬಲೆ ಎತ್ತುವ ಕರಾವಳಿಗೂ ಅದು ಪರಿಚಿತ, ತೆಗೆದದ್ದು ಬದುಕಿರುತ್ತದೆ ಎಂಬುದಕ್ಕೂ ಅಡ್ಡಿ ಬರುವುದಿಲ್ಲ. ಹೊಸ ತೊಟ್ಟಿಗೆ ಹಾಕಲು ಉಳಿಸಿಕೊಳ್ಳುವ ಭಾಗವನ್ನು ಮೊಸರಿನ ನೆನಪಿನಲ್ಲಿ ‘ಹೆಪ್ಪು’ ಎಂದಿದ್ದೇನೆ. ಇದಕ್ಕೆ ಮಾತ್ರ ಯಾರೂ ತಕರಾರು ಮಾಡಲಾರರೆಂದು ನಂಬಿದ್ದೇನೆ.

ಸದ್ಯ ಕರಡಿನಲ್ಲಿರುವ ವಾಕ್ಯ ಹೀಗಿದೆ: “ತೊಟ್ಟಿಯ ನೀರನ್ನು ದೊಡ್ಡ ಕಣ್ಣಿನ ಸಾಣಿಗೆಯಲ್ಲಿ ಸೋಸಿ ಕಸ ತೆಗೆಯಿರಿ, ಬಳಿಕ ಸಣ್ಣ ಕಣ್ಣಿನ ಸಾಣಿಗೆಯನ್ನು ನೀರಿನಲ್ಲಿ ಮುಳುಗಿಸಿಟ್ಟು, ಅದರಲ್ಲಿ ಮೆಲ್ಲಗೆ ಬಸಿದು, ಉಳಿದ ರೋಟಿಫರನ್ನು ಶುದ್ಧ ಸಮುದ್ರದ ನೀರಿಗೆ ಎತ್ತಿಕೊಳ್ಳಿರಿ.” ‘ಮುಳುಗಿಸಿಟ್ಟು ಬಸಿ’ ಎಂಬಲ್ಲಿ ನಿಮ್ಮ ಕಿವಿಗೆ ಏನಾದರೂ ತೊಡರುತ್ತದೆಯೇ? ತೊಡರಿದರೆ ಅಲ್ಲಿ ಯಾವ ಪದ ಕೂಡಿಸುತ್ತೀರಿ?